ಏಳನೇ ನಂಬರಿನ ಕೆಂಪು ಗೆರೆಗಳು

ಜೂನ್ 3, ಬೆಳಿಗ್ಗೆ 8.40

ಮತ್ತೆ ಬಸ್ ತಪ್ಪಿತು. ತಪ್ಪು ಪುಟ್ಟುವಿನದೇ. ಆರಡಿ ಎತ್ತರದ ನನ್ನ ಗಂಡನನ್ನು ಮನೆಯಲ್ಲಿ ಪುಟ್ಟು ಎನ್ನುತ್ತಾರೆ, ನಾನೂ ಕಲಿತುಬಿಟ್ಟೆ! ಬಾಗಿಲಿಗೆ ಅಡ್ಡ ನಿಂತು "ಇನ್ನೆರಡು ನಿಮಿಷ" ಎಂದ... ಎರಡು ಹತ್ತಾಯಿತು. ಮದುವೆಯಾಗಿ ಇಪ್ಪತ್ತಮೂರು ದಿನ. ಇಷ್ಟೊಂದು ಖುಷಿಗೆ ನನ್ನದೇ ದೃಷ್ಟಿ ತಾಗೀತು.

ಮಧ್ಯಾಹ್ನ 1

ಹೊಸ ಪ್ರೂಫ್ ಬಂತು. ಇಂಗ್ಲಿಷ್ ಕಲಿಸುವ ಪುಸ್ತಕ, 312 ಪುಟ. ನಮ್ಮ ಪ್ರಕಾಶನದಲ್ಲಿ ಲೇಖಕರ ಹೆಸರು ಪ್ರೂಫ್ ತಿದ್ದುವ ನಮಗೆ ಹೇಳುವುದಿಲ್ಲ, ನಮ್ಮ ಹೆಸರು ಅವರಿಗೆ ಹೋಗುವುದಿಲ್ಲ — ಜಗಳ ಕಾಗದದ ಮೇಲೇ ಮುಗಿಯಲಿ ಎಂದು. ಪ್ರೂಫಿನ ಮೇಲೆ ಹೆಸರಿನ ಬದಲು ನಂಬರ್ ಮಾತ್ರ; ನಾನು ಏಳನೇ ನಂಬರ್. ಈ ತಿಂಗಳು ಕಳೆದರೆ ಕೆಲಸ ಕಾಯಂ!

ಈ ಮಹಾಶಯರು ಉಸಿರೆಳೆದಲ್ಲೆಲ್ಲ ಕಾಮಾ ಹಾಕಿದ್ದಾರೆ. ಸಾಸಿವೆ ಡಬ್ಬಿ ಮಗುಚಿದ ಹಾಗೆ. ಅರ್ಥ ಕೆಡದಿದ್ದರೆ ಕಾಮಾ ಬೇಡ ಎಂದು ನಮ್ಮ ಸ್ಕೂಲಿನ ಮಿಸ್ ಹೇಳುತ್ತಿದ್ದರು. ಕೆಂಪು ಪೆನ್ನು ಹಿಡಿದು ಸರಸರ ತೆಗೆದೆ. ಏನು ಮಜಾ!

ಜೂನ್ 5

ಪುಟ 41. ಉದಾಹರಣೆಗೆ ಕೊಟ್ಟ ವಾಕ್ಯ — ನನ್ನ ಮಗ ಪುಟ್ಟು ಹಲ್ಲಿ ಕಂಡರೆ ಮಂಚ ಹತ್ತುತ್ತಾನೆ ಎಂದು. ಜೋರಾಗಿ ನಕ್ಕೆ. ಆಮೇಲೆ ಪೆನ್ನು ಕೆಳಗಿಟ್ಟೆ. ನಮ್ಮ ಪುಟ್ಟು ನಿನ್ನೆ ತಾನೇ ಹಲ್ಲಿ ಕಂಡು ಮಂಚ ಹತ್ತಿದ್ದ.

ಇದು ಮಾವನ ಪುಸ್ತಕ! ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಹನ್ನೊಂದು ವರ್ಷದಿಂದ ಏನೋ ಬರೆಯುತ್ತಿದ್ದಾರೆಂದು ಗೊತ್ತಿತ್ತು. ನಮ್ಮಲ್ಲೇ ಕೊಟ್ಟಿದ್ದು ಗೊತ್ತಿರಲಿಲ್ಲ. ಸೊಸೆಯ ವಶೀಲಿ ಎಂದಾರೆಂದು ಮುಚ್ಚಿಟ್ಟಿರಬೇಕು.

ಮನೆಯವರದೆಂದು ತಿಳಿದ ಕೂಡಲೇ ಪ್ರೂಫಿನ ಕಟ್ಟನ್ನು ನಮ್ಮ ಸಂಪಾದಕಿ ಮೇಡಂಗೆ ವಾಪಸ್ ಕೊಡಬೇಕು. ಅದು ನಿಯಮ. ಕೊಡಲಿಲ್ಲ. ನಿಜ ಹೇಳಬೇಕೆಂದರೆ, ಪುಸ್ತಕ ಹೊರಬಂದ ಮೇಲೆ "ಏಳನೇ ನಂಬರ್ ನಾನೇ ಮಾವ" ಎಂದು ಬೀಗುವ ಆಸೆ.

ಜೂನ್ 19, ಸಂಜೆ

ಊಟದ ಮೇಜಿನ ಮೇಲೆ ತಟ್ಟೆಯ ಬದಲು ನಾನು ತಿದ್ದಿ ಕಳಿಸಿದ ಪ್ರೂಫ್, ಎದುರಿಗೆ ಮಾವ.

"ಯಾರಮ್ಮಾ ಈ ಏಳನೇ ನಂಬರ್? ನನ್ನ ಕಾಮಾ ಏನು ಅವನಪ್ಪನ ಮನೆ ಗಂಟಾ, ಹೀಗೆ ಕಿತ್ತೆಸೆಯೋಕೆ? ಓದೋ ಮಕ್ಕಳು ಉಸಿರು ಕಟ್ಟಿ ಸಾಯಲ್ವಾ?"

"ನಂಬರ್ ಯಾರದು ಅಂತ ಹೇಳೋ ಹಾಗಿಲ್ಲ ಮಾವ..."

"ಹೇಳಬೇಡ ಬಿಡು. ಆ ಕತ್ತೆಗೆ ಮನೆ ದಾರಿ ನಾನೇ ತೋರಿಸ್ತೀನಿ."

"ಬರೀ ಕಾಮಾ ತಾನೇ ಅಪ್ಪಾ," ಎಂದ ಪುಟ್ಟು.

"ಸುಮ್ನಿರೋ! ಹನ್ನೊಂದು ವರ್ಷದಲ್ಲಿ ನೀನು ಒಂದು ಪುಟ ಓದಿದ್ದೀಯಾ? ಆ ಕತ್ತೆ ಮುನ್ನೂರ ಹನ್ನೆರಡನ್ನೂ ಓದಿದೆ!"



ಜೂನ್ 20

ದೂರು ಪತ್ರ. ಮಾವ ಹೇಳಿದರು, ನಾನು ಟೈಪ್ ಮಾಡಿದೆ. ಇಂಥವರನ್ನು ಕೂಡಲೇ ಕೆಲಸದಿಂದ ತೆಗೆಯಬೇಕು... ನನ್ನದೇ ಬೆರಳುಗಳು! ಕವರ್ ಅಂಟಿಸಿ ನನಗೇ ಕೊಟ್ಟರು. "ಹೇಗೂ ಅಲ್ಲಿಗೇ ಹೋಗ್ತೀಯಲ್ಲ ಮಗಳೇ."

ಮಗಳೇ ಎಂದದ್ದು ಇದೇ ಮೊದಲು. ಕವರ್ ಬ್ಯಾಗಿಗೆ ಹಾಕಿಕೊಂಡೆ.

ಜೂನ್ 24

ನಾಲ್ಕು ದಿನ ಕವರ್ ಬ್ಯಾಗಿನಲ್ಲೇ. ಮಾವ ದಿನವೂ ಕೇಳುತ್ತಾರೆ, "ಏನಂದ್ರು?" ಹರಿದೆಸೆದರೆ ಯಾರಿಗೆ ಗೊತ್ತಾದೀತು? ಪುಟ್ಟುವಿಗೂ ಹೇಳಿಲ್ಲ. ಅವನು ತಮಾಷೆ ಮಾಡಿದರೆ ನಗು ಬರುತ್ತಿಲ್ಲ.

ಇವತ್ತು ಮೇಡಂ ಕೈಗೆ ಕೊಟ್ಟೆ. ಎಲ್ಲ ಹೇಳಿದೆ. ಮೇಡಂ ಕನ್ನಡಕ ತೆಗೆದರು.

"ಕಾಮಾ ವಿಷಯಕ್ಕೆ ನಾನು ಯಾರನ್ನೂ ಕೆಲಸದಿಂದ ಕಳಿಸಲ್ಲ. ಗೊತ್ತಾದ ಮೇಲೂ ಸುಮ್ಮನಿದ್ರಲ್ಲ, ಅದು ತಪ್ಪು. ನಾಡಿದ್ದು ಹನ್ನೊಂದಕ್ಕೆ ನಿಮ್ಮ ಮಾವನವರನ್ನ ಕರೆಸ್ತೀನಿ. ಅಷ್ಟರಲ್ಲಿ ನೀವೇ ಹೇಳಿ. ಅವರು ನಿಮ್ಮನ್ನ ಬೇಡ ಅಂದ್ರೆ ನಾನೂ ಬೇಡ ಅಂತೀನಿ."

ಜೂನ್ 25, ಸಂಜೆ

ಹೇಳಿದೆ.

ಮಾವ ಚಹಾ ಲೋಟ ಕೆಳಗಿಟ್ಟರು. "ನಿನ್ನ ಮೇಲಿನ ದೂರನ್ನ ನಿನ್ನ ಕೈಲೇ ಬರೆಸಿದೆನಲ್ಲಮ್ಮಾ. ನೀನೂ ಸುಮ್ನೆ ಬರೆದೆ." ಅಷ್ಟೇ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಪುಟ್ಟು ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡ. "ನನಗಾದ್ರೂ ಹೇಳಬಾರದಿತ್ತಾ?"

ಕೈ ಬಿಡಿಸಿಕೊಂಡದ್ದೂ ಇದೇ ಮೊದಲು.

ಜೂನ್ 26, ಬೆಳಿಗ್ಗೆ 10.50

ಮೀಟಿಂಗ್ ರೂಮು. ಉದ್ದನೆಯ ಮೇಜು. ಆ ಬದಿಗೆ ಲೇಖಕರ ಕುರ್ಚಿ, ಈ ಬದಿಗೆ ನಾನು, ತುದಿಯಲ್ಲಿ ಮೇಡಂ. ಮಾವ ಬೆಳಿಗ್ಗೆ ಮಾತಾಡದೆ ನನಗಿಂತ ಮುಂಚೆಯೇ ಮನೆ ಬಿಟ್ಟರು. ಎಲ್ಲಿ ಹೋದರೋ. ಸುಮ್ಮನೆ ಕೂತರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಬಂದರು. ಕಂಕುಳಲ್ಲಿ ಪ್ರೂಫಿನ ಕಟ್ಟು. ನನ್ನ ಕಡೆ ನೋಡುತ್ತಿಲ್ಲ. ಮೇಡಂ ಆ ಬದಿಯ ಕುರ್ಚಿ ತೋರಿಸಿದರು.

"ಅಲ್ಲಿ ಬೇಡ. ಅಷ್ಟು ದೂರ ಕೂತು ಇವಳ ಹತ್ರ ಜಗಳ ಆಡೋಕಾಗಲ್ಲ. ಮುನ್ನೂರ ಹನ್ನೆರಡು ಪುಟ ಇದೆ."

ನನ್ನ ಪಕ್ಕದ ಕುರ್ಚಿ ಎಳೆದರು. ಕೂತರು. ಒಂದನೇ ಪುಟ ತೆರೆದರು.

"ಏನಮ್ಮಾ ಬರೀತಿದ್ದೀಯ? ಕೊಡು ಇಲ್ಲಿ ಆ ಪೆನ್ನು."

ಒಂದು ನಿಮಿಷ ಮಾವ, ಈ ಸಾಲು