ಗುಡಾಣದ ಏಡಿ

ದೊಡ್ಡಬಳ್ಳಾಪುರ
೧೪ ಅಕ್ಟೋಬರ್ ೧೯೪೬

ತೀರ್ಥರೂಪು ತಂದೆ ರಾಮಾಂಜಿನಪ್ಪನವರಿಗೆ ಮಗಳು ಅಮ್ಮಯಮ್ಮ ಮಾಡುವ ನಮಸ್ಕಾರಗಳು.

ಹೋದ ವರ್ಷ ಬೂದಿಗೆರೆಯಲ್ಲಿ ನನ್ನನ್ನು ಸಾಕಿದ ಅಜ್ಜಿ, ಅವ್ವನ ತಾಯಿ, ತೀರಿಕೊಂಡ ಮೇಲೆ ನಾನು ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿಕೊಂಡು ಒಬ್ಬಳೇ ಇದ್ದೇನೆ.

ನಾನು ಹುಟ್ಟಿ ಅವ್ವ ಸತ್ತ ದಿನ ನೀವು ಅಜ್ಜಿಗೆ, “ತಾಯಿ ಹೊಟ್ಟೆ ಸೀಳ್ಕೊಂಡು ಬಂದ ಏಡಿಮರಿ ಕಣತ್ತೆ ಇದು, ನನ್ನ ಕಣ್ಣಿಗೆ ಬೀಳಿಸ್ಬೇಡಿ” ಅಂದಿರಂತೆ.

ಈ ಮಳೆಗಾಲದಲ್ಲಿ ಮೊಟ್ಟೆ ಹೊತ್ತ ಕೆರೆ ಏಡಿಯೊಂದನ್ನು ತಂದು ಗುಡಾಣದಲ್ಲಿಟ್ಟೆ. ಮನೆಯೊಡತಿ ಪಿಳ್ಳಮ್ಮ, “ಸಾರಿಗಾಗೋದನ್ನ ಸಾಕ್ತೀಯಲ್ಲೇ ತಾಯಿ!” ಎಂದು ನಗುತ್ತಾರೆ. ಸಮುದ್ರದ ಏಡಿಯ ಮರಿ ಹುಟ್ಟುವಾಗ ತಾಯಿಯನ್ನು ಹೋಲುವುದಿಲ್ಲ, ಕೂಡಲೇ ನೀರಿನ ಪಾಲಾಗುತ್ತದೆ. ಕೆರೆ ಏಡಿಯ ಮರಿ ಮೊಟ್ಟೆಯೊಡೆದಾಗಲೇ ತಾಯಿಯ ರೂಪದಲ್ಲಿರುತ್ತದೆ. ತಾಯಿ ಮರಿಗಳನ್ನು ಹೊಟ್ಟೆಯಡಿಯ ಮುಚ್ಚಳದೊಳಗೆ ಕೆಲವು ದಿನ ಹೊತ್ತು ತಿರುಗುತ್ತದೆ. ಶಾಲೆಯ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ಕೆರೆ ಏಡಿಗಳನ್ನು ಬೇರೆಯೇ ಕುಟುಂಬವೆಂದು ಬರೆದಿದ್ದಾರೆ.

ನನ್ನ ಏಡಿ ಮುಚ್ಚಳ ತೆರೆದು ಮರಿಗಳನ್ನು ಬಿಟ್ಟಿತು. ಸಾಯಲಿಲ್ಲ. ಮೊನ್ನೆ ಹಳೆಯ ಚಿಪ್ಪನ್ನು ಕಳಚಿ ಇನ್ನೂ ದೊಡ್ಡದಾಯಿತು. ಗದ್ದೆಯ ಬದುವಿನಲ್ಲಿ ಸಿಗುವ ಒಡೆದ ಚಿಪ್ಪು ಇಂಥದ್ದೇ. ಅದನ್ನು ಕಂಡೇ ನಮ್ಮ ಕಡೆಯವರು ಮರಿಗಳು ಹೊಟ್ಟೆ ಸೀಳಿ ತಾಯಿಯನ್ನು ಕೊಂದವೆಂದು ತಿಳಿದಿರಬೇಕು.

ದೊಡ್ಡಬೆಳವಂಗಲದಿಂದ ನೀವು ಇಲ್ಲಿಯ ಸಂತೆಗೆ ಬರುತ್ತೀರೆಂದು ಕೇಳಿದೆ. ಒಮ್ಮೆ ಶಾಲೆಯ ಕಡೆ ಬನ್ನಿ. ಮರಿಗಳನ್ನು ಕೆರೆಗೆ ಬಿಟ್ಟೆ. ನೀವು ನೋಡುವವರೆಗೆ ತಾಯಿಯನ್ನು ಇಟ್ಟುಕೊಂಡಿರುತ್ತೇನೆ.

ನೀವು ನನ್ನನ್ನು ನೋಡಿಲ್ಲ. ಗುರುತು ಹಿಡಿಯುವುದು ಕಷ್ಟವಾಗಲಾರದು. ನಾನು ಅವ್ವನ ಹಾಗೇ ಇದ್ದೇನೆಂದು ಅಜ್ಜಿ ಹೇಳುತ್ತಿದ್ದಳು.

ಇತಿ,
ನಿಮ್ಮ ಮಗಳು
ಅಮ್ಮಯಮ್ಮ