ಹೆಬ್ಬಾತಿನ ಗರಿ

ಯೋರ್ಕ್, ಏಪ್ರಿಲ್ ೧೨

ಹಿನ್ರಿಕ್,

ನಿನ್ನ ಕಾಗದ ತಲುಪಿತು. ಸೇಬಿನ ಮೊಗ್ಗು ಕೆಂಪಾಗಿದೆ, ಈ ವರ್ಷವೂ ನನ್ನ ಜೇನುಪೆಟ್ಟಿಗೆಗಳನ್ನು ನಿನ್ನ ತೋಟದಲ್ಲಿ ತಂದಿಡಬೇಕು ಎಂದು ಬರೆದಿದ್ದೀಯ. ಹೋದ ವರ್ಷದ ಸುದ್ದಿಯನ್ನೇ ಎತ್ತಿಲ್ಲ.

ಹೂವಿರುವಾಗ ಔಷಧಿ ಹೊಡೆಯುವುದಾದರೆ ಹೊತ್ತು ಮುಳುಗಿ ಜೇನುಹುಳ ಗೂಡು ಸೇರಿದ ಮೇಲೆ, ಅದೂ ನನಗೆ ಹೇಳಿಯೇ ಎಂಬುದು ನಮ್ಮ ಮಾತು. ನಿನ್ನ ಅಪ್ಪ ಈ ಮಾತಿಗೆ ಒಮ್ಮೆಯೂ ತಪ್ಪಲಿಲ್ಲ. ನೀನು ಗಿಡಹೇನು ಕಂಡಿತೆಂದು ನಡುಮಧ್ಯಾಹ್ನ ಹೊಡೆದೆ. ಸಂಜೆ ನಾನು ಬಂದಾಗ ಹನ್ನೆರಡರಲ್ಲಿ ಹನ್ನೊಂದು ಪೆಟ್ಟಿಗೆಗಳ ಮುಂದೆ ಜೇನುಹುಳಗಳು ಸತ್ತು ರಾಶಿ ಬಿದ್ದಿದ್ದವು. ಭಾನುವಾರ ನೀನು ಚರ್ಚಿನ ಬಾಗಿಲಲ್ಲಿ ಎಲ್ಲರಿಗೂ ಕೇಳುವಂತೆ, "ಗೇಶಕ್ಕಂಗೆ ವಯಸ್ಸಾಯ್ತು ನೋಡಿ, ಹುಳಕ್ಕೆ ರೋಗ ಬಂದಿದ್ದೂ ಗೊತ್ತಾಗ್ಲಿಲ್ಲ, ಪಾಪ" ಅಂದೆ. ನಾನು ಸತ್ತ ಹುಳಗಳನ್ನು ಡಬ್ಬಿಗೆ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದೆ.

ಉಳಿದ ಒಂದು ಪೆಟ್ಟಿಗೆ ಈಗ ನಾಲ್ಕಾಗಿದೆ. ನಾಲ್ಕೂ ಎಲ್ಬೆ ನದಿಯ ಆಚೆ ದಡದಲ್ಲಿ, ನನ್ನ ತಂಗಿಯ ತೋಟದಲ್ಲಿವೆ. ಬೇರೆಯವರನ್ನು ಕೇಳಿ ಸುಮ್ಮನೆ ದಣಿಯಬೇಡ. ಈ ದಡದಲ್ಲಿ ಜೇನು ಸಾಕುವವರೆಲ್ಲ ಆ ಪ್ರಯೋಗಾಲಯದ ವರದಿಯನ್ನು ಓದಿದ್ದಾರೆ.

ಹಾಗೆಂದು ನಿನ್ನನ್ನು ಬರಿಗೈಯಲ್ಲಿ ಬಿಡಬಾರದಲ್ಲ. ಇದರ ಜೊತೆ ಹೆಬ್ಬಾತಿನ ಗರಿಯೊಂದನ್ನು ಇಟ್ಟಿದ್ದೇನೆ. ಸತ್ತ ಹುಳಗಳನ್ನು ನಾನು ಗುಡಿಸಿದ್ದು ಇದರಿಂದಲೇ. ಒಂದು ಮರದ ಹೂವಿನ ಪರಾಗವನ್ನು ಇದಕ್ಕೆ ಹತ್ತಿಸಿ, ಬೇರೆ ತಳಿಯ ಮರದ ಹೂವಿಗೆ ಮೆಲ್ಲಗೆ ಸವರಬೇಕು, ಅಷ್ಟೇ. ನಿನ್ನವು ಮೂರು ಸಾವಿರ ಮರ, ಹೂವು ನಿಲ್ಲುವುದು ಹತ್ತು ದಿನ. ಮಧ್ಯಾಹ್ನದಲ್ಲೇ ಶುರು ಮಾಡು. ಆಗ ಹೂವೆಲ್ಲ ಚೆನ್ನಾಗಿ ಬಿರಿದಿರುತ್ತದೆ, ಅಡ್ಡ ಬರಲು ಒಂದು ಹುಳವೂ ಇರುವುದಿಲ್ಲ.

ನಿನ್ನ ನೆರೆಮನೆಯ
ಗೇಶ