ಮಂಗನ ಕೋಶದ ಸಾಕ್ಷಿ

ನವೆಂಬರ್ 1, ಝೆಂಗ್‌ಝೌ

ಕೋಶಗಳಿಗೆ ಮೀಡಿಯಾ, ಅಂದರೆ ಅವು ಬೆಳೆಯುವ ಪೋಷಕದ್ರವ, ಬದಲಾಯಿಸಿದೆ. ಇನ್‌ಕ್ಯುಬೇಟರ್ ಬಾಗಿಲು ಮುಚ್ಚುವಷ್ಟರಲ್ಲಿ ಲುವಾನ್‌ನ ಗಂಟಲು. ಲ್ಯಾಬಿಗೆ ನನಗಿಂತ ಮೊದಲು ಸೇರಿದವನು, ಹಾಗಾಗಿ ಅಣ್ಣ!

“ತಂಗೀ, ನಿನ್ನ ಪಿ53 ಪ್ರೋಟೀನು ನಾನೂ ಟೆಸ್ಟ್ ಮಾಡ್ದೆ. ಹಂದಿ ವೈರಸ್ಸು ಕ್ಯಾರೇ ಅನ್ಲಿಲ್ಲ. ನಿಮ್ಮಪ್ಪನ ಥರ ಮುಖಕ್ಕೆ ಬಣ್ಣ ಬಳ್ಕೊಂಡು ಕೂಗಿದ್ರೆ ವಿಜ್ಞಾನ ಆಗುತ್ತೇನಮ್ಮಾ?”

ಲ್ಯಾಬಿನವರೆಲ್ಲ ನಕ್ಕರು. ಮುಖ್ಯಸ್ಥ ಕ್ವಾಂಗ್ ಮೇಷ್ಟ್ರೂ ನಕ್ಕರು! ಪಿ53 ಎಬ್ಬಿಸುವ ಮದ್ದನ್ನು ಹಂದಿಮರಿಗಳ ಮೇಲೆ ನೋಡುವ ನನ್ನ ಪ್ರಯೋಗ ಸದ್ಯಕ್ಕೆ ನಿಲ್ಲಲಿ ಎಂದರು. ಮುಂದಿನ ಶುಕ್ರವಾರ ಅತಿಥಿಗಳೆದುರು ಲುವಾನ್ ಫಲಿತಾಂಶ ತೋರಿಸುತ್ತಾನಂತೆ.

ಅಪ್ಪ ರಂಗದ ಮೇಲೆ ಕೆಂಪುಮುಖದ ಸೇನಾಪತಿ. ನಾಟಕ ಮಂಡಳಿ ಮುಚ್ಚಿತು, ಹಂದಿ ಸಾಕಿದ. ಹೋದ ಚಳಿಗಾಲ ಭೇದಿ ತರುವ ಹಂದಿ ಕೊರೊನಾ ನುಗ್ಗಿ, ಹುಟ್ಟಿದ ಮರಿಗಳೆಲ್ಲ ವಾರದೊಳಗೆ ಹೋದವು. ಅಮ್ಮ ಸತ್ತ ಮರಿಗಳ ಕರುಳು ರುಬ್ಬಿ ಗಬ್ಬದ ಹಂದಿಗಳಿಗೆ ತಿನ್ನಿಸಿದಳು— ಹಾಲಿನಲ್ಲಾದರೂ ರಕ್ಷಣೆ ಇಳಿಯಲಿ ಎಂದು. ಈ ವೈರಸ್ಸನ್ನು ಸೋಲಿಸುವೆನೆಂದು ಆ ರುಬ್ಬುವ ಸದ್ದಿನೆದುರು ಶಪಥ ಮಾಡಿದವಳು ನಾನು. ವೈರಸ್ಸೇ, ಲುವಾನನೇ, ಇಬ್ಬರೂ ಕೇಳಿ!

ನವೆಂಬರ್ 4

ಆಹಾ! ಸಿಕ್ಕಿಬಿದ್ದ!

ಲುವಾನ್ ಕೋಶ ಬೆಳೆಸಿದ ಫ್ಲಾಸ್ಕ್ ನೋಡಿದೆ. ಮೇಲೆ ‘ವೆರೋ’ ಎಂದು ಬರೆದಿದೆ. ಮಂಗನ ಮೂತ್ರಪಿಂಡದ ಕೋಶ.

ಪಿ53 ಗೆಡ್ಡೆ ಬೆಳೆಯದಂತೆ ಕಾಯುವ ಪ್ರೋಟೀನು. ವೈರಸ್ ಒಳನುಗ್ಗಿದರೆ ಇಂಟರ್‌ಫೆರಾನ್ ಎಂಬ ರಣಕಹಳೆ ಜೋರಾಗಿ ಮೊಳಗುವಂತೆ ಮಾಡುವುದೂ ಅದೇ. ಹಂದಿಯ ಕರುಳಿನ ಕೋಶದಲ್ಲಿ ನಾನೇ ಕಂಡಿದ್ದೇನೆ. ವೆರೋ ಬಳಿ ಆ ಕಹಳೆಯೇ ಇಲ್ಲ! ವೈರಸ್ ಸೊಂಪಾಗಿ ಬೆಳೆಯಲೆಂದೇ ನಾವೆಲ್ಲ ಅದನ್ನು ಸಾಕುವುದು. ಅಭ್ಯಾಸಬಲದಿಂದ ಅದರಲ್ಲೇ ನನ್ನ ಪಿ53 ಪರೀಕ್ಷಿಸಿದ್ದಾನೆ. ಮೂಕನಿಗೆ ಹಾಡಲು ಹೇಳಿ, ರಾಗ ಸರಿಯಿಲ್ಲ ಎಂದು ತೀರ್ಪು ಕೊಟ್ಟಂತೆ.

ಮೇಷ್ಟ್ರಿಗೆ ಈಗಲೇ ಹೇಳಲೇ? ಇಲ್ಲ. ಮುಚ್ಚಿದ ಕೋಣೆಯಲ್ಲಿ ಯಾರಾದರೂ ತಲೆ ಕಡಿಯುತ್ತಾರೆಯೇ? ಶುಕ್ರವಾರ. ತುಂಬಿದ ಸಭೆ.

ನವೆಂಬರ್ 6

ಲ್ಯಾಬಿನ ತಾಯಿಹಂದಿ ಈದಿತಂತೆ. ನೋಡಲು ಹೋಗಲಿಲ್ಲ. ಕನ್ನಡಿ ಮುಂದೆ ಮಾತು ಕಂಠಪಾಠ. ಎಡಗೈ ಸೊಂಟಕ್ಕೆ, ಪ್ರಶ್ನೆ ಮೆಲ್ಲಗೆ, ಆಮೇಲೆ ಗುಡುಗು…

ನವೆಂಬರ್ 8

ಲುವಾನ್ ಕೊನೆಯ ಸ್ಲೈಡ್ ಮುಗಿಸಿದ. ಎದ್ದೆ.

“ಅಣ್ಣಾ, ಒಂದೇ ಪ್ರಶ್ನೆ. ಯಾವ ಕೋಶ?”

“ವೆರೋ. ಎಲ್ಲರೂ ಬಳಸೋದೇ.”

“ಅದ್ರಲ್ಲಿ ಇಂಟರ್‌ಫೆರಾನ್ ಎಷ್ಟು ಬಂತಣ್ಣಾ?”

ಅವನ ಕಿವಿಯಿಂದ ಕತ್ತಿನವರೆಗೆ ಕೆಂಪು— ಅಪ್ಪನ ಬಣ್ಣ! ಅತಿಥಿಯೊಬ್ಬರು ಚಹಾ ಮಗ್ಗಿನೊಳಗೇ ನಕ್ಕರು. ಗುಡುಗಿದೆ. ಚಪ್ಪಾಳೆಯೂ ಬಿತ್ತು!

ಆಮೇಲೆ ಕಾರಿಡಾರಿನಲ್ಲಿ ಮೇಷ್ಟ್ರು:

“ಯಾವತ್ತು ಗೊತ್ತಾಯ್ತಮ್ಮಾ?”

“ಸೋಮವಾರ, ಮೇಷ್ಟ್ರೇ.”

ಕನ್ನಡಕ ತೆಗೆದರು. “ಬುಧವಾರ ಹುಟ್ಟಿದ, ನಿನಗೇ ಇಟ್ಟಿದ್ದ ಮರಿಗಳನ್ನ ಲಸಿಕೆ ತಂಡದವ್ರಿಗೆ ಕೊಟ್ಬಿಟ್ಟೆ. ನಿನ್ನ ಕೆಲಸ ಸುಳ್ಳು ಅನ್ಕೊಂಡು. ಇನ್ನು ಮರಿ ಸಿಗೋದು ವಸಂತಕ್ಕೇ. ಸೋಮವಾರಾನೇ ಒಂದ್ಮಾತು ಹೇಳಿದ್ರೆ ಏನಾಗ್ತಿತ್ತು?”

ಲುವಾನ್ ಹಿಂದೆಯೇ ನಿಂತಿದ್ದ. “ಸೋತಿದ್ದು ನಾನೇ ತಂಗೀ, ಒಪ್ಕೊಂಡೆ. ಗೆದ್ದಿದ್ದು ಯಾರು?”

ಕಪಾಳಕ್ಕೆ ಬಾರಿಸಬೇಕೆನಿಸಿತು. ಯಾರ ಕಪಾಳಕ್ಕೆ…

ನವೆಂಬರ್ 23

ಅಪ್ಪನ ಫೋನ್. ರಂಗದ ಕೊನೆಯ ಬೆಂಚಿಗೂ ಮುಟ್ಟುತ್ತಿದ್ದ ದನಿ, ಇವತ್ತು ಕೇಳಿಸುತ್ತಲೇ ಇರಲಿಲ್ಲ.

“ಮರಿಗಳಿಗೆ ಮತ್ತೆ ಭೇದಿ ಕಣೇ. ಪಿ53 ಎಬ್ಬಿಸೋ ಮದ್ದು ಅಂದಿದ್ಯಲ್ಲ, ಚಳಿಗೆ ಮುಂಚೆ ಮರಿಗಳ ಮೇಲೆ ನೋಡ್ತೀನಿ ಅಂತ. ನೋಡಿದ್ಯಾ? ಕೆಲಸ ಮಾಡ್ತಾ?”

ಅಪ್ಪಾ, ಅವನನ್ನು ತುಂಬಿದ ಸಭೆಯಲ್ಲಿ ಹೇಗೆ ಕೆಡವಿದೆ ಗೊತ್ತಾ, ಅಂದೆ.

“ಅದಿರ್ಲಿ ಮಗಾ. ಮದ್ದು?”

“ಇನ್ನೂ ನೋಡಿಲ್ಲ ಅಪ್ಪಾ. ತಪ್ಪು ನಂದೇ,” ಅಂದೆ.